ಮಿಶ್ರ ಸಮರ ಕಲೆ: ಅದರಲ್ಲಿ ಅಡಕವಾಗಿರುವ ಕಾದಾಟದ ಪದ್ಧತಿಗಳು

ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಅಥವಾ ಎಂ.ಎಂ.ಎ. ಎಂದು ಹೆಸರಾಗಿರುವ ಮಿಶ್ರ ಸಮರ ಕಲೆಯು ಒಂದೇ ಪದ್ಧತಿಯ ಕಾದಾಟವಲ್ಲ. ನಿಂತು ಹೊಡೆಯುವುದು, ಹಿಡಿದು ಕೆಡವುವುದು ಮತ್ತು ನೆಲದ ಮೇಲೆ ಸೆಣಸುವುದು ಈ ಮೂರನ್ನೂ ಒಂದೇ ನಿಯಮಾವಳಿಯಡಿ ಸೇರಿಸಿರುವ ಕ್ರೀಡೆ ಇದಾಗಿದೆ. ಕುದಾಪುರ ಸೇರಿದಂತೆ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಯುವಜನರು ಹಾಗೂ ಪೋಷಕರು ತರಬೇತಿಗೆ ಸೇರುವ ಮುನ್ನ ಈ ಪದ್ಧತಿಗಳ ಸ್ವರೂಪವನ್ನು ಅರಿಯಲೆಂದು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ

ಪ್ರಾಚೀನ ಗ್ರೀಸಿನಲ್ಲಿ ಮುಷ್ಟಿಯುದ್ಧ ಮತ್ತು ಕುಸ್ತಿಯನ್ನು ಬೆರೆಸಿದ ಪ್ಯಾಂಕ್ರೇಷನ್ ಎಂಬ ಸ್ಪರ್ಧೆಯು ಕ್ರಿ.ಪೂ. 648ರಲ್ಲಿ ಒಲಿಂಪಿಕ್ ಕೂಟವನ್ನು ಸೇರಿತು. ಆಧುನಿಕ ಕಾಲದಲ್ಲಿ 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಬೇರೆ ಬೇರೆ ಪದ್ಧತಿಗಳ ಪಟುಗಳನ್ನು ಎದುರುಬದುರಾಗಿ ನಿಲ್ಲಿಸಿದ ಮೊದಲ ಯು.ಎಫ್.ಸಿ. ಪಂದ್ಯಾವಳಿ ನಡೆಯಿತು. ಅದರಲ್ಲಿ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಅವರು ತಮಗಿಂತ ಭಾರಿ ದೇಹದ ಎದುರಾಳಿಯನ್ನೂ ನೆಲದ ಪಟ್ಟುಗಳಿಂದ ಮಣಿಸಿ ಗೆದ್ದರು. ಒಂದೇ ಪದ್ಧತಿಯನ್ನು ಬಲ್ಲವರಿಗೆ ಇಲ್ಲಿ ಉಳಿಗಾಲವಿಲ್ಲವೆಂಬುದು ಕ್ರಮೇಣ ಸ್ಪಷ್ಟವಾಯಿತು. 2000-01ರ ಅವಧಿಯಲ್ಲಿ ನ್ಯೂಜೆರ್ಸಿ ರಾಜ್ಯದಲ್ಲಿ ಏಕರೂಪ ನಿಯಮಗಳು ರೂಪುಗೊಂಡವು.

2. ನಿಂತು ಹೊಡೆಯುವ ಪದ್ಧತಿಗಳು

ಬಾಕ್ಸಿಂಗ್: ಮುಷ್ಟಿಯ ಹೊಡೆತ, ಕಾಲ್ಚಲನೆ ಮತ್ತು ತಲೆಯನ್ನು ತಪ್ಪಿಸಿಕೊಳ್ಳುವ ಚಾತುರ್ಯ ಇದರ ಕೊಡುಗೆ.
ಮುಯ್ ಥಾಯ್: ಥಾಯ್ಲೆಂಡ್ ಮೂಲದ್ದು. ಮುಷ್ಟಿ, ಮೊಣಕೈ, ಮೊಣಕಾಲು ಮತ್ತು ಮುಂಗಾಲುಗಳನ್ನು ಬಳಸಲಾಗುತ್ತದೆ.
ಕರಾಟೆ ಮತ್ತು ಟೇಕ್ವಾಂಡೋ: ಕ್ರಮವಾಗಿ ಜಪಾನಿನ ಓಕಿನಾವಾ ಮತ್ತು ಕೊರಿಯಾ ಮೂಲದವು. ಅಂತರವನ್ನು ಕಾಯ್ದುಕೊಂಡು ಮಿಂಚಿನಂತೆ ಒದೆಯುವುದು ಇವುಗಳ ವಿಶೇಷ.

3. ಹಿಡಿದು ಕೆಡವುವ ಪದ್ಧತಿಗಳು

ಕುಸ್ತಿ: ಫ್ರೀಸ್ಟೈಲ್‌ನಲ್ಲಿ ಎದುರಾಳಿಯ ಕಾಲನ್ನು ಹಿಡಿಯಬಹುದು, ಗ್ರೀಕೊ-ರೋಮನ್‌ನಲ್ಲಿ ಸೊಂಟದ ಮೇಲ್ಭಾಗದ ಹಿಡಿತ ಮಾತ್ರ ಸಮ್ಮತ. ಕರ್ನಾಟಕದ ಅರ್ಜುನ್ ಹಲಕುರ್ಕಿ ಅವರು 2020ರ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನ ಪದಕ ಪಡೆದುದು ಗ್ರೀಕೊ-ರೋಮನ್ ವಿಭಾಗದಲ್ಲಿ.
ಜೂಡೋ: 1882ರಲ್ಲಿ ಜಪಾನಿನ ಜಿಗೊರೊ ಕಾನೊ ಅವರು ರೂಪಿಸಿದ್ದು. ಎದುರಾಳಿಯ ಸಮತೋಲನವನ್ನು ಕದಲಿಸಿ ಎಸೆಯುವುದು ಇದರ ಮುಖ್ಯ ತತ್ತ್ವ.
ಸಾಂಡಾ: ಚೀನಾದ ವುಷು ಕ್ರೀಡೆಯ ಕಾದಾಟದ ವಿಭಾಗ. ಹೊಡೆತ ಮತ್ತು ಕೆಡಹುವಿಕೆ ಎರಡೂ ಇವೆ. 2024ರಲ್ಲಿ ಯು.ಎಫ್.ಸಿ.ಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ಅವರು ವುಷು ಹಿನ್ನೆಲೆಯವರು.

4. ನೆಲದ ಮೇಲಿನ ಪದ್ಧತಿಗಳು

ಬ್ರೆಜಿಲಿಯನ್ ಜಿಯು-ಜಿಟ್ಸು: ಜಪಾನಿನ ಮಿತ್ಸುಯೊ ಮಯೆಡಾ ಅವರಿಂದ ಕಲಿತ ವಿದ್ಯೆಯನ್ನು ಗ್ರೇಸಿ ಕುಟುಂಬದವರು ಬ್ರೆಜಿಲ್‌ನಲ್ಲಿ ಬೆಳೆಸಿದರು. ಕೀಲುಗಳನ್ನು ತಿರುಚುವ ಹಾಗೂ ಕತ್ತು ಬಿಗಿಯುವ ಪಟ್ಟುಗಳು ಇದರಲ್ಲಿವೆ.
ಸ್ಯಾಂಬೊ: ಸೋವಿಯತ್ ಒಕ್ಕೂಟದಲ್ಲಿ ರೂಪುಗೊಂಡಿದ್ದು. ಎಸೆತಗಳೊಡನೆ ಕಾಲಿನ ಕೀಲುಗಳಿಗೆ ಹಾಕುವ ಪಟ್ಟುಗಳಿಗೆ ಹೆಸರಾಗಿದೆ.

5. ಕರ್ನಾಟಕದ ಪರಂಪರೆ ಮತ್ತು ಅದರ ವ್ಯತ್ಯಾಸ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಮಲ್ಲವಿದ್ಯೆಯನ್ನು ವಿವರಿಸುತ್ತದೆ. ಚಿತ್ರದುರ್ಗದ ಕೋಟೆಯೊಳಗೆ ನಾಯಕರ ಕಾಲದ ಗರಡಿ ಮನೆಯಿದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜೆಟ್ಟಿಗಳ ನಡುವೆ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಹೊಡೆತ ಮತ್ತು ಹಿಡಿತ ಎರಡೂ ಇದ್ದು, ರಕ್ತ ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸಲಾಗುತ್ತದೆ.

ಗರಡಿಯಲ್ಲಿ ಪಳಗಿದವರಿಗೆ ಹಿಡಿತ, ಕತ್ತಿನ ಬಲ ಮತ್ತು ದಮ್ಮು ಮೊದಲೇ ಇರುತ್ತವೆ. ಆದರೆ ಒಂದು ವ್ಯತ್ಯಾಸವನ್ನು ಅವರು ಅವಶ್ಯವಾಗಿ ಅರಿಯತಕ್ಕದ್ದು. ಮಟ್ಟಿ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಆತ ಚಿತ್; ಪಂದ್ಯ ಅಲ್ಲಿಗೆ ಮುಗಿಯಿತು. ಮಿಶ್ರ ಸಮರ ಕಲೆಯಲ್ಲಿ ಅಲ್ಲಿಂದ ಮುಂದೆಯೂ ಕಾದಾಟ ಸಾಗುತ್ತದೆ. ಕೆಳಗೆ ಬಿದ್ದವನೂ ಗೆಲ್ಲಬಲ್ಲನು. ಚಿತ್ ಆಗದಿರಲು ಪೈಲ್ವಾನರು ಬೋರಲಾಗಿ ಮಲಗುವುದು ರೂಢಿ. ಇಲ್ಲಿ ಹಾಗೆ ಮಲಗಿದಲ್ಲಿ ಬೆನ್ನು ಮತ್ತು ಕತ್ತು ಎದುರಾಳಿಯ ವಶವಾಗುತ್ತವೆ. ಕತ್ತಿನ ಪಟ್ಟು ಬಿಗಿದಾಗ ಕೈತಟ್ಟಿ ಸೋಲೊಪ್ಪಿಕೊಳ್ಳುವುದು ಅವಮಾನವಲ್ಲ. ಅದು ನಿಯಮದ ಭಾಗ ಮತ್ತು ಜೀವರಕ್ಷಣೆಯ ಉಪಾಯ.

6. ಸುರಕ್ಷತೆ

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದ ಯುವ ಸ್ಪರ್ಧಿಯೊಬ್ಬರು ಮೃತಪಟ್ಟರು. ಆದುದರಿಂದ ಸ್ಪರ್ಧಿಗಳು ಮತ್ತು ಪೋಷಕರು ಈ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು.

ಅ) ಸ್ಪರ್ಧೆಯ ಸ್ಥಳದಲ್ಲಿ ವೈದ್ಯರು ಮತ್ತು ಆಂಬುಲೆನ್ಸ್ ಇರತಕ್ಕದ್ದು.
ಆ) ಹಲ್ಲುಕವಚ, ಕೈಗವಸು ಮತ್ತು ತೊಡೆಸಂದಿನ ರಕ್ಷಾಕವಚ ಧರಿಸತಕ್ಕದ್ದು.
ಇ) ತಲೆಗೆ ಪೆಟ್ಟು ಬಿದ್ದ ನಂತರ ವಾಂತಿ, ತಲೆಸುತ್ತು, ಮರೆವು ಅಥವಾ ಮಂಪರು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು, ವೈದ್ಯರು ಅನುಮತಿಸುವವರೆಗೆ ಅಭ್ಯಾಸ ಕೂಡದು.
ಈ) ತೂಕದ ವರ್ಗಕ್ಕಾಗಿ ನೀರು ಬಿಟ್ಟು ತೂಕ ಇಳಿಸುವುದು ಅಪಾಯಕರ.

7. ಅರ್ಜಿದಾರರ ಗಮನಕ್ಕೆ

ಮಿಶ್ರ ಸಮರ ಕಲೆಯು ಒಲಿಂಪಿಕ್ ಕ್ರೀಡೆಯಲ್ಲ. 2026ರ ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟಕ್ಕೆ ಇದನ್ನು ಸೇರಿಸಲು 2025ರಲ್ಲಿ ತೀರ್ಮಾನಿಸಲಾಯಿತು. ಇದರ ಅಂಗಗಳಾದ ಕುಸ್ತಿ, ಬಾಕ್ಸಿಂಗ್, ಜೂಡೋ ಮತ್ತು ಟೇಕ್ವಾಂಡೋಗಳು ಒಲಿಂಪಿಕ್ ಕ್ರೀಡೆಗಳಾಗಿವೆ. ಆದಕಾರಣ ಎಳೆಯ ವಯಸ್ಸಿನವರು ಇವುಗಳಲ್ಲಿ ಒಂದನ್ನು ಮೊದಲು ಕ್ರಮಬದ್ಧವಾಗಿ ಕಲಿಯುವುದು ಎರಡು ರೀತಿಯಲ್ಲಿ ಅನುಕೂಲಕರ: ಬುನಾದಿ ಗಟ್ಟಿಯಾಗುತ್ತದೆ ಮತ್ತು ಕ್ರೀಡಾ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ದಾರಿ ತೆರೆದಿರುತ್ತದೆ. ನೆರೆಯ ದಾವಣಗೆರೆಯ ಕ್ರೀಡಾ ವಸತಿ ನಿಲಯವು ಕುಸ್ತಿ ತರಬೇತಿಗೆ ಹೆಸರಾಗಿದೆ.

ಖಾಸಗಿ ಸಂಸ್ಥೆಗಳು ನೀಡುವ ಎಲ್ಲ ಪ್ರಮಾಣಪತ್ರಗಳೂ ಕ್ರೀಡಾ ಮೀಸಲಾತಿಗೆ ಅಥವಾ ಪ್ರೋತ್ಸಾಹಧನಕ್ಕೆ ಅರ್ಹವಾಗುವುದಿಲ್ಲ. ಶುಲ್ಕ ಪಾವತಿಸುವ ಮುನ್ನ ಸದರಿ ಸಂಸ್ಥೆಯು ಮಾನ್ಯತೆ ಪಡೆದ ಕ್ರೀಡಾ ಒಕ್ಕೂಟಕ್ಕೆ ಸೇರಿದೆಯೇ ಎಂಬುದನ್ನು ಚಿತ್ರದುರ್ಗದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಛೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು.