ಲಾಲ್ ಕುವಾಂ ದೂಳು, ಓಖ್ಲಾ ಹೊಗೆ

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಎಕ್ಯುಐ ಅಂಕಿಗಳದ್ದೇ ಮಾತು. ಪಟಾಕಿ, ವಾಹನ, ಪಂಜಾಬಿನ ಗದ್ದೆಗಳ ಕೂಳೆ ಎಲ್ಲವೂ ಬರುತ್ತವೆ. ಕಾರ್ಖಾನೆಗಳ ಪಕ್ಕದಲ್ಲಿ ಬದುಕಿದವರು ನಡೆಸಿದ ಹೋರಾಟದ ಮಾತು ಮಾತ್ರ ಅಪರೂಪ. ಸಂಚಿಕೆಗೆ ದೆಹಲಿಯ ಇತಿಹಾಸದ ಬಗ್ಗೆ ಬರೆಯಿರಿ ಎಂದಾಗ ಕೆಂಪುಕೋಟೆ, ಕುತುಬ್ ಮಿನಾರ್ ಬಿಟ್ಟು ಇದನ್ನೇ ಆರಿಸಿಕೊಂಡೆ.

ಭೋಪಾಲ ದುರಂತಕ್ಕೆ ವರ್ಷ ತುಂಬಿದ ಮರುದಿನ, ಅಂದರೆ 1985ರ ಡಿಸೆಂಬರ್ 4ರಂದು, ಪಶ್ಚಿಮ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ತೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ತೀರಿಕೊಂಡರು. ಕಾರ್ಖಾನೆಯ ಸುತ್ತ 3 ಕಿಲೋಮೀಟರ್ ಒಳಗೆ ಸುಮಾರು 2 ಲಕ್ಷ ಜನ ವಾಸವಿದ್ದರು. ಅದನ್ನು ಅಲ್ಲಿಂದ ಎತ್ತಿಸಬೇಕೆಂದು ವಕೀಲ ಎಂ.ಸಿ. ಮೆಹ್ತಾ ಅನಿಲ ಸೋರುವ ಮೊದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ತೀರ್ಪು ಕೊಟ್ಟಿತು: ಅಪಾಯಕಾರಿ ಉದ್ಯಮ ನಡೆಸುವವರು ಎಷ್ಟೇ ಎಚ್ಚರ ವಹಿಸಿದ್ದೆವು ಎಂದರೂ ಹಾನಿಯ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. (ಮುಂದಿನ ವರ್ಷ ಮೆಹ್ತಾ ಅವರದೇ ಗಂಗಾ ಮೊಕದ್ದಮೆಯಲ್ಲಿ ಕಾನ್ಪುರದ ಚರ್ಮ ಹದ ಮಾಡುವ ಘಟಕಗಳ ಬಗ್ಗೆ ತೀರ್ಪಿತ್ತವರಲ್ಲಿ ನಮ್ಮ ಮಂಡ್ಯ ಸೀಮೆಯ ಇ.ಎಸ್. ವೆಂಕಟರಾಮಯ್ಯನವರೂ ಇದ್ದರು. ಅದು ನೀರಿನ ಕತೆ, ಇನ್ನೊಮ್ಮೆ ಬರೆಯುತ್ತೇನೆ.)

ಮೆಹ್ತಾ ಅವರ ಮತ್ತೊಂದು ಅರ್ಜಿ ಕಲ್ಲು ಪುಡಿ ಮಾಡುವ ಕ್ರಷರ್‌ಗಳದ್ದು. 1992ರ ಮೇ 15ರಂದು ಸುಪ್ರೀಂ ಕೋರ್ಟ್ ದೆಹಲಿಯ ಕ್ರಷರ್‌ಗಳನ್ನು ಮುಚ್ಚಿಸಿ, ಹರಿಯಾಣದ ಪಾಲಿಗೆ ಸಾಗಹಾಕಿತು. ನಗರ ನಿಟ್ಟುಸಿರು ಬಿಟ್ಟಿತು. ಆದರೆ ಮೆಹ್ರೌಲಿ–ಬದರ್‌ಪುರ ರಸ್ತೆಯ ಲಾಲ್ ಕುವಾಂನಲ್ಲಿ ಕ್ರಷರ್ ಕೂಲಿಗಳು ಉಳಿದರು. ಗಂಡಸರು ಹೆಂಗಸರೆನ್ನದೆ ದುಡಿದವರು. ಕಲ್ಲು ಒಡೆದಾಗ ಏಳುವ ಸಿಲಿಕಾ ದೂಳು ರಾಗಿ ಹಿಟ್ಟಿಗಿಂತ ನುಣುಪು. ಒಮ್ಮೆ ಶ್ವಾಸಕೋಶದ ಆಳಕ್ಕೆ ಇಳಿದರೆ ಹೊರಬರುವುದಿಲ್ಲ, ಅಲ್ಲೇ ಗಾಯ ಮಾಡಿ ಕಲೆ ಕಟ್ಟುತ್ತದೆ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ರೋಗ ಬೆಳೆಯುತ್ತದೆ. ಕೆಮ್ಮು, ಸೊರಗುವ ಮೈ ನೋಡಿ ಕ್ಷಯವೆಂದು ಮದ್ದು ಕೊಟ್ಟರು. ಮದ್ದಿನ ಸುತ್ತು ಮುಗಿದರೂ ಕೆಮ್ಮು ನಿಲ್ಲಲಿಲ್ಲ.

ಎಸ್.ಎ. ಆಜಾದ್ ಮತ್ತು ಅವರ 'ಪ್ರಸಾರ್' ಸಂಸ್ಥೆ ಇಲ್ಲಿನವರೊಡನೆ ಕೂಡಿ ಈ ರೋಗಕ್ಕೆ ಅದರ ನಿಜವಾದ ಹೆಸರು ಹಚ್ಚಲು ಹೊರಟಿತು: ಸಿಲಿಕೋಸಿಸ್. ಹೆಸರಿನಲ್ಲೇನಿದೆ ಎನ್ನಬಹುದು. ಕ್ಷಯವಾದರೆ ಅದು ಬಡವರ ಹಣೆಬರಹ, ಯಾರೂ ಹೊಣೆಯಲ್ಲ. ಸಿಲಿಕೋಸಿಸ್ ಆದರೆ ಅದು ಕಾನೂನು ಒಪ್ಪಿದ ಔದ್ಯೋಗಿಕ ರೋಗ, ಮಾಲೀಕನನ್ನು ಕೇಳಬಹುದು. ಕೇಳಲು ಹೋದರೆ ಕೂಲಿಯವರ ಬಳಿ ಸಂಬಳದ ಚೀಟಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಕ್ರಷರ್‌ಗಳಂತೂ ಜಾಗ ಬಿಟ್ಟು ಎಂದೋ ಹೋಗಿವೆ. 2006ರಲ್ಲಿ ಪ್ರಸಾರ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಒಂದು ಬಡಾವಣೆಯ ಕೆಮ್ಮು ದೇಶದ ಕೂಲಿಗಳೆಲ್ಲರ ಪ್ರಶ್ನೆಯಾಯಿತು.

1996ರ ಜುಲೈ 8ರಂದು 168 ಅಪಾಯಕಾರಿ ಕಾರ್ಖಾನೆಗಳಿಗೆ ದೆಹಲಿ ಬಿಡಲು ಆದೇಶವಾಯಿತು. ಬಿರ್ಲಾ ಬಟ್ಟೆ ಗಿರಣಿ ಹಿಮಾಚಲದ ಬದ್ದಿಗೆ ಹೋಯಿತು. 2000ದ ನವೆಂಬರಿನಲ್ಲಿ ವಸತಿ ಪ್ರದೇಶಗಳ ಸಣ್ಣ ಘಟಕಗಳನ್ನು ಮುಚ್ಚಿಸಹೊರಟಾಗ ಕಾರ್ಮಿಕರು ಬೀದಿಗಿಳಿದರು, ಜೀವಗಳೂ ಹೋದವು. ನಮ್ಮಂಥವರು ಶುದ್ಧ ಗಾಳಿ ಕೇಳುತ್ತಿದ್ದಾಗ ಅವರ ಅನ್ನ ಹೋಗುತ್ತಿತ್ತು. ಇದನ್ನು ಬಿಟ್ಟು ದೆಹಲಿಯ ಗಾಳಿಯ ಕತೆ ಹೇಳುವುದು ನನಗೆ ಸರಿ ಕಾಣದು.

ಹೊರಗೆ ಕಳಿಸಿದ ಹೊಗೆ ಬೇರೆ ವೇಷದಲ್ಲಿ ಊರೊಳಗೆ ಬಂದದ್ದು ಓಖ್ಲಾದಲ್ಲಿ. ಕಸ ಸುಟ್ಟು ವಿದ್ಯುತ್ ಮಾಡುವ ಘಟಕ ಸುಖದೇವ್ ವಿಹಾರ, ಹಾಜಿ ಕಾಲೋನಿಗಳ ಮಗ್ಗುಲಲ್ಲೇ ಎದ್ದಿತು. ಸುಖದೇವ್ ವಿಹಾರದ ನಿವಾಸಿಗಳ ಸಂಘ 2009ರಲ್ಲೇ ಹೈಕೋರ್ಟಿಗೆ ಹೋಯಿತು. 2012ರಲ್ಲಿ ಘಟಕ ಉರಿಯತೊಡಗಿತು. 2013ರಲ್ಲಿ ಮೊಕದ್ದಮೆ ಹಸಿರು ನ್ಯಾಯಮಂಡಳಿಗೆ ಹೋಯಿತು. ಅವರ ಭಯಕ್ಕೆ ಕಾರಣವಿತ್ತು. ನಮ್ಮ ಮನೆಗಳ ಕಸವೆಂದರೆ ಸಾರು ಸೋಸಿದ ಹುಣಸೆ ಚರಟ, ತರಕಾರಿ ಸಿಪ್ಪೆ, ಅದರೊಳಗೇ ಹಾಲಿನ ಪ್ಲಾಸ್ಟಿಕ್ ಪ್ಯಾಕೆಟ್. ಇಂಥ ಒದ್ದೆ ಕಸಕ್ಕೆ ಬೇಗ ಬೆಂಕಿ ಹಿಡಿಯದು. 850 ಡಿಗ್ರಿ ಶಾಖ ಸತತವಾಗಿ ಇಲ್ಲದಿದ್ದರೆ, ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್‌ನಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ಕ್ಯಾನ್ಸರ್ ತರಬಲ್ಲದು. 2017ರ ಫೆಬ್ರುವರಿ 2ರಂದು ನ್ಯಾಯಮಂಡಳಿ ಘಟಕಕ್ಕೆ 25 ಲಕ್ಷ ರೂಪಾಯಿ ಪರಿಹಾರ ಕಟ್ಟಲು ಹೇಳಿತು, ನಡೆಸಲೂ ಬಿಟ್ಟಿತು. ಎಂಟು ವರ್ಷ ಅಲೆದವರಿಗೆ ಸಿಕ್ಕಿದ್ದು ಅಷ್ಟು.

ಅದಕ್ಕೆ ಕೆಲವೇ ವಾರ ಮೊದಲು, 2016ರ ಡಿಸೆಂಬರ್ 22ರಂದು, ಅದೇ ನ್ಯಾಯಮಂಡಳಿ ಇನ್ನೊಂದು ಕಸದ ಮೊಕದ್ದಮೆಯಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ, 5,000 ರೂಪಾಯಿಯಿಂದ ದಂಡ ಗೊತ್ತುಮಾಡಿತ್ತು. ಅದನ್ನು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದವರು ನಮ್ಮ ಬೆಂಗಳೂರಿನ ಅಲ್ಮಿತ್ರಾ ಪಟೇಲ್. ಒಬ್ಬ ಹೆಂಗಸು, ಇಪ್ಪತ್ತು ವರ್ಷ! ಕಸವನ್ನು ಹುಟ್ಟಿದ ಜಾಗದಲ್ಲೇ ಬೇರ್ಪಡಿಸಿ ಎಂದು ಅವರು ಹೇಳುತ್ತಲೇ ಬಂದರು. 2016ರ ಕಸ ನಿರ್ವಹಣಾ ನಿಯಮಗಳೂ ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಬೇಕೆಂದಿದ್ದವು. ನಮ್ಮ ಸೊಸೈಟಿಯಲ್ಲಿ ಹಸಿರು, ನೀಲಿ ಡಬ್ಬಗಳು ಬಂದಿವೆ. ಒಯ್ಯುವ ಗಾಡಿಯಲ್ಲಿ ಎರಡೂ ಒಂದಾಗುವುದನ್ನು ಬಾಲ್ಕನಿಯಿಂದ ನೋಡುತ್ತೇನೆ.

ಓಖ್ಲಾ ಘಟಕ ನಿಲ್ಲಲಿಲ್ಲ. 2022ರ ಅಕ್ಟೋಬರಿನಲ್ಲಿ ಅಲ್ಲಿಂದ ಹೆಚ್ಚು ದೂರವಿಲ್ಲದ ತೆಹ್‌ಖಂಡ್‌ನಲ್ಲಿ, ದಿನಕ್ಕೆ 2,000 ಟನ್ ಕಸ ಸುಡುವ ಇನ್ನೊಂದು ಘಟಕ ಉದ್ಘಾಟನೆಯಾಯಿತು.