ನೆತ್ತಿಯ ಮೇಲಿನ ಡಾಪ್ಲರ್: ಒಂದು ಅಂಕಿಯ ಏಳುಬೀಳು

ನವಜಾತ ಶಿಶುವಿನ ತಲೆಯ ಸ್ಕ್ಯಾನ್ ವರದಿಯಲ್ಲಿ ‘ಆರ್‌ಐ 0.50’ (ರೆಸಿಸ್ಟೆನ್ಸ್ ಇಂಡೆಕ್ಸ್, ಅಂದರೆ ರಕ್ತನಾಳದ ತಡೆಯ ಸೂಚ್ಯಂಕ) ಎಂದಿದ್ದರೆ, ತಡೆ ಕಡಿಮೆ, ಮಿದುಳಿಗೆ ರಕ್ತ ಸಲೀಸಾಗಿ ಹರಿಯುತ್ತಿದೆ ಎಂದು ಓದಿಬಿಡುವವರಿದ್ದಾರೆ. ಹುಟ್ಟುವಾಗ ಉಸಿರುಗಟ್ಟಿದ ಮಗುವಿನಲ್ಲಿ ಅದು ಸಮಾಧಾನದ ಸುದ್ದಿಯಲ್ಲ. ರಕ್ತನಾಳಗಳು ಬಿಗಿತ ಕಳೆದುಕೊಂಡಿರಬಹುದೆಂಬ ಎಚ್ಚರಿಕೆ.

ಶಬ್ದತರಂಗಗಳಿಂದ ರಕ್ತದ ವೇಗ ಅಳೆದು ಈ ಅಂಕಿ ಕೊಡುವ ಡಾಪ್ಲರ್ ವಿದ್ಯೆಯ ಬಾಲ್ಯ ಚುಟುಕು. 1970ರ ದಶಕದಲ್ಲಿ ಫ್ರಾನ್ಸಿನ ಪೂರ್ಸೆಲೊ ಆರ್‌ಐ ಸೂತ್ರ ಕೊಟ್ಟರು. 1979ರಲ್ಲಿ ಹೆನ್ರಿಯೆಟ್ಟಾ ಬಾಡಾ ಮತ್ತು ಸಂಗಡಿಗರು ಶಿಶುವಿನ ಮಿದುಳಿನ ರಕ್ತನಾಳಗಳಿಗೆ ಡಾಪ್ಲರ್ ಹಿಡಿದರು. ಮೂಳೆ ಇನ್ನೂ ಕೂಡದ ನೆತ್ತಿಯೇ ಇದಕ್ಕೆಲ್ಲ ಕಿಟಕಿ.

ಲೆಕ್ಕ ಸರಳ. ಹೃದಯ ಬಡಿತದ ಗರಿಷ್ಠ ರಕ್ತವೇಗದಿಂದ ಬಡಿತದ ಕೊನೆಯ ವೇಗ ಕಳೆದು, ಗರಿಷ್ಠ ವೇಗದಿಂದಲೇ ಭಾಗಿಸಬೇಕು. ಸೆಕೆಂಡಿಗೆ 40 ಮತ್ತು 12 ಸೆಂ.ಮೀ. ಇದ್ದರೆ 0.70, ಸಹಜ; 40 ಮತ್ತು 20 ಇದ್ದರೆ 0.50. ಪ್ರೋಬ್ ಓರೆಯಾದರೂ ಅನುಪಾತ ಕೆಡುವುದಿಲ್ಲ ಎಂಬುದೇ ಇದರ ಆಕರ್ಷಣೆ. ಆದರೆ ನಾಳದ ಅಗಲ ಗೊತ್ತಿಲ್ಲದೆ ಎಷ್ಟು ರಕ್ತ ಹರಿಯಿತೆಂದು ಹೇಳಲಾಗದು. ನೆತ್ತಿಯನ್ನು ತುಸು ಹೆಚ್ಚು ಒತ್ತಿದರೂ ಕೊನೆಯ ವೇಗ ಕುಸಿದು ಆರ್‌ಐ ಮೇಲೇರುತ್ತದೆ. ಹೃದಯದ ಬಳಿಯ ಡಕ್ಟಸ್ ಎಂಬ ನಾಳ ಮುಚ್ಚದೆ ಉಳಿದಿದ್ದರೆ ಬಡಿತದ ಕೊನೆಯಲ್ಲಿ ರಕ್ತ ಹಿಮ್ಮುಖವಾಗಿಯೂ ಹರಿದೀತು.

ನಿಜವಾದ ಫಸಲು ಬಂದದ್ದು 1980ರ ದಶಕದಲ್ಲಿ. ಅಮೆರಿಕದ ಪರ್ಲ್‌ಮನ್ ಮತ್ತು ವೋಲ್ಪ್ ತಂಡ 1983ರಲ್ಲಿ ವೆಂಟಿಲೇಟರ್‌ನಲ್ಲಿದ್ದ ಅವಧಿಪೂರ್ವ ಶಿಶುಗಳ ರಕ್ತವೇಗವನ್ನು ಗಮನಿಸಿತು. ವೇಗ ಒಂದೇ ಸಮ ಏರಿಳಿಯುತ್ತಿದ್ದ 23 ಶಿಶುಗಳಲ್ಲಿ 21ಕ್ಕೆ ಆಮೇಲೆ ಮಿದುಳಿನ ಕುಹರಗಳಲ್ಲಿ ರಕ್ತಸ್ರಾವವಾಯಿತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆರ್ಚರ್, ಲೆವೀನ್, ಇವಾನ್ಸ್ 1986ರಲ್ಲಿ ಉಸಿರುಗಟ್ಟಿದ ಮಕ್ಕಳ ಮುಂದಿನ ಸ್ಥಿತಿಯನ್ನು ಊಹಿಸಲು ಆರ್‌ಐ ನೆರವಾಗುತ್ತದೆಂದು ತೋರಿಸಿದರು. 0.55ಕ್ಕಿಂತ ಕೆಳಗಿಳಿದರೆ ಅಪಾಯವೆಂಬ ಗೆರೆ ಅಲ್ಲಿಂದ ಬಂತು. ವೈದ್ಯರೂ ಭೌತವಿಜ್ಞಾನಿಯೂ ಒಂದೇ ತೊಟ್ಟಿಲಿನ ಪಕ್ಕ ನಿಂತು ಮಾಡಿದ ಕೆಲಸ ಅದು. ಆ ಜೋಡಿ ಆಮೇಲೆ ಅಪರೂಪವಾಯಿತು. ಆ ಕೆಲಸದ ಒಂದು ಪಾಠವಂತೂ ಮರೆತೇಹೋದಂತಿದೆ: ಆರ್‌ಐ ಇಳಿತ ಮೊದಲ ಗಂಟೆಗಳಲ್ಲಿ ಕಾಣದೆ, ಸಾಮಾನ್ಯವಾಗಿ ಒಂದು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ.

ಉಸಿರುಗಟ್ಟಿದ ಮಕ್ಕಳ ಮೈ ತಂಪಾಗಿಸುವ ಚಿಕಿತ್ಸೆ ಬಂದಮೇಲೆ ಆರ್‌ಐ ಬೆಲೆ ಇಳಿಯಿತು. ತಂಪಾಗಿಸಿದ ಮಕ್ಕಳಲ್ಲಿ ಅದರ ಭವಿಷ್ಯವಾಣಿ ಮಂಕಾಗುತ್ತದೆಂದು 2011ರಲ್ಲಿ ಬ್ರಿಸ್ಟಲ್‌ನ ತಂಡ ಹೇಳಿತು. ಗಮನ ಮಿದುಳಿನ ಆಮ್ಲಜನಕ ಅಳೆಯುವ ಅತಿಗೆಂಪು ಬೆಳಕಿನ ಆಕ್ಸಿಮೀಟರ್ ಕಡೆ ಹೊರಳಿತು. ಅದನ್ನು ನೋಡಿ ಚಿಕಿತ್ಸೆ ತಿದ್ದಿದರೂ 1,601 ಅವಧಿಪೂರ್ವ ಶಿಶುಗಳ ಪ್ರಯೋಗದಲ್ಲಿ ಲಾಭ ಕಾಣಲಿಲ್ಲವೆಂದು 2023ರಲ್ಲಿ ತಿಳಿದುಬಂತು. ಪ್ಯಾರಿಸ್ಸಿನ ಅತಿವೇಗದ ಅಲ್ಟ್ರಾಸೌಂಡ್, ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ರೂಪುಗೊಂಡ, ನೆತ್ತಿಯ ಮೇಲೆ ಕೂರಿಸಿಡುವ ನಿಯೋಡಾಪ್ಲರ್ ಪ್ರೋಬ್ ಸೊಗಸಾಗಿವೆ. ಜಿಲ್ಲಾಸ್ಪತ್ರೆಗೆ ಬರಲು ಇನ್ನೂ ಕಾಲ ಬೇಕು.

ಆದರೆ ತಂಪು ಚಿಕಿತ್ಸೆ ಎಲ್ಲ ಕಡೆಯೂ ಒಂದೇ ಫಲ ಕೊಡಲಿಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಹೀಲಿಕ್ಸ್ ಪ್ರಯೋಗದಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಪಾಲ್ಗೊಂಡಿತ್ತು. 2021ರಲ್ಲಿ ಹೊರಬಂದ ಫಲಿತಾಂಶದಂತೆ ಸಾವು ತಂಪಾಗಿಸಿದವರಲ್ಲಿ ಶೇ. 42, ಉಳಿದವರಲ್ಲಿ ಶೇ. 31. ಅಂದಮೇಲೆ ತಂಪಾಗಿಸದ ಮಕ್ಕಳೇ ಇರುವ ವಾರ್ಡುಗಳಲ್ಲಿ ಲೆಸ್ಟರ್‌ನ ಅಂಕಿಯನ್ನು ಹಳತೆಂದು ಮೂಲೆಗಿಡಲು ಕಾರಣವೇನು?

ಸ್ಕ್ಯಾನ್ ಯಂತ್ರವನ್ನು ತೊಟ್ಟಿಲ ಬಳಿಗೆ ತರುವುದೂ ಇಲ್ಲಿ ಸಲೀಸಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಯಂತ್ರದ ನೋಂದಣಿ ಕಡ್ಡಾಯ, ಬೇಕೆಂದಲ್ಲಿಗೆ ಒಯ್ಯುವಂತಿಲ್ಲ. ಕಾಯ್ದೆ ಬೇಕೇ ಬೇಕು. ಆಸ್ಪತ್ರೆಗಳು ಅದರ ಚೌಕಟ್ಟಿನಲ್ಲೇ ಶಿಶು ಘಟಕಕ್ಕೊಂದು ಯಂತ್ರ ನೋಂದಾಯಿಸಿ, ಎರಡನೆಯ ದಿನದ ಸ್ಕ್ಯಾನನ್ನು ರೂಢಿಗೆ ತರಲಿ. ವರದಿ ಬರೆಯುವವರು ಆರ್‌ಐ ಪಕ್ಕದಲ್ಲೇ ಮಗುವಿನ ವಯಸ್ಸನ್ನು ಗಂಟೆಗಳಲ್ಲಿ ನಮೂದಿಸಲಿ.