ಕಾರ್ಡಿನ ಕೃಪೆಯಲ್ಲಿ ಒಂದು ಕಸುಬು

ಅಮೆರಿಕದ ಪೆನ್ಸಿಲ್ವೇನಿಯಾದ ಕಾಲೇಜು ವಿದ್ಯಾರ್ಥಿನಿ ಜೆನಿಫರ್ ರಿಂಗ್ಲಿ 1996ರಲ್ಲಿ ತನ್ನ ಹಾಸ್ಟೆಲ್ ಕೋಣೆಯಲ್ಲೊಂದು ವೆಬ್‌ಕ್ಯಾಮ್ ಇಟ್ಟು ದಿನಚರಿಯನ್ನೆಲ್ಲ ಜಗತ್ತಿಗೆ ತೆರೆದಿಟ್ಟಳು. ಓದು, ನಿದ್ದೆ, ಒಮ್ಮೊಮ್ಮೆ ನಗ್ನತೆ, ಎಲ್ಲವೂ ಅದರಲ್ಲಿತ್ತು. ‘ಜೆನಿಕ್ಯಾಮ್’ ಮುಂದೆ ಸದಸ್ಯರಿಂದ ಶುಲ್ಕ ಪಡೆಯತೊಡಗಿತು. 2003ರ ಕೊನೆಯ ದಿನ ಅದು ಮುಚ್ಚಿತು. ಹಣ ರವಾನಿಸುವ ಪೇಪಾಲ್ ಕಂಪನಿ ನಗ್ನತೆಯ ವಿರುದ್ಧ ತಂದ ನಿಯಮ ಅದಕ್ಕೊಂದು ಕಾರಣ ಎನ್ನಲಾಯಿತು. ತನ್ನನ್ನೇ ತೆರೆದು ತೋರಿಸಿ ಹಣ ಗಳಿಸುವ ಈ ಕಸುಬಿನ ಮುಂದಿನ ಇಪ್ಪತ್ತು ವರ್ಷಗಳಲ್ಲೂ ಇದೇ ಕಥೆ ಮತ್ತೆಮತ್ತೆ ನಡೆದಿದೆ. ನೋಡುಗರಿಗೆ ಎಂದೂ ಬರವಿರಲಿಲ್ಲ. ಬಾಗಿಲ ಕೀಲಿ ಮಾತ್ರ ಹಣ ದಾಟಿಸುವವರ ಕೈಯಲ್ಲಿತ್ತು.

ನಡುವೆ ಇನ್ನೊಂದು ಪೆಟ್ಟು ಬಿತ್ತು. 2007ರಲ್ಲಿ ಶುರುವಾದ ಪೋರ್ನ್‌ಹಬ್‌ನಂಥ ತಾಣಗಳು ಕದ್ದ ವಿಡಿಯೊಗಳನ್ನೂ ಪುಕ್ಕಟೆ ತೋರಿಸತೊಡಗಿದವು. ನೀಲಿಚಿತ್ರಗಳ ಡಿವಿಡಿ ವ್ಯಾಪಾರ ನೆಲಕಚ್ಚಿತು, ಸ್ಟುಡಿಯೊಗಳನ್ನು ನಂಬಿದ್ದ ನಟಿಯರ ಸಂಭಾವನೆಗೂ ಕತ್ತರಿ ಬಿತ್ತು. ಪುಕ್ಕಟೆ ಸಿಗುವುದಕ್ಕೆ ಯಾರು ಕಾಸು ಕೊಟ್ಟಾರು? ಕೊಡುವವರಿದ್ದರು. ಆದರೆ ಅವರು ಕೊಡುತ್ತಿದ್ದುದು ಚಿತ್ರಕ್ಕಲ್ಲ, ಹೆಸರು ಹಿಡಿದು ಮಾತಾಡಿಸುವ ಒಬ್ಬ ವ್ಯಕ್ತಿಯ ಒಡನಾಟಕ್ಕೆ.

ಆ ಒಡನಾಟವನ್ನು ತಿಂಗಳ ಚಂದಾ ಆಗಿಸುವ ದಾರಿಯನ್ನು ಜನಪ್ರಿಯಗೊಳಿಸಿದ್ದು ಪೇಟ್ರಿಯಾನ್. ಸಂಗೀತಗಾರ ಜ್ಯಾಕ್ ಕಾಂಟೆ ತನ್ನ ಸ್ನೇಹಿತ ಸ್ಯಾಮ್ ಯಾಮ್ ಜತೆ 2013ರಲ್ಲಿ ಅದನ್ನು ಕಟ್ಟಿದ್ದು ತನ್ನಂಥ ಕಲಾವಿದರಿಗಾಗಿ. ವಯಸ್ಕರ ಕಾಮಿಕ್ಸ್ ಬರೆಯುವವರು, ನಗ್ನ ಛಾಯಾಚಿತ್ರದವರು, ವಿಡಿಯೊದವರು ಕೂಡ ಅಲ್ಲಿಗೆ ಬಂದರು. 2016ರಲ್ಲಿ ಪೇಪಾಲ್ ಮೂಲಕವೂ ಅವರಿಗೆ ಹಣ ಸಲ್ಲುವ ಏರ್ಪಾಡಾಯಿತು. ಸಂಭ್ರಮ ಬಹುಕಾಲ ಉಳಿಯಲಿಲ್ಲ. 2017ರ ಅಕ್ಟೋಬರ್‌ನಲ್ಲಿ ನಿಯಮಗಳು ಬಿಗಿಯಾದವು. ನಗ್ನತೆ ಇರಬಹುದು, ನೈಜ ವ್ಯಕ್ತಿಗಳ ಲೈಂಗಿಕ ಕ್ರಿಯೆ ಕೂಡದು ಎಂದಾಯಿತು. ಮರುವರ್ಷ ಹಲವರ ಖಾತೆಗಳು ಅಮಾನತಾದವು. ಪಾವತಿ ಪಾಲುದಾರರ ಒತ್ತಡ ಎಂಬುದು ಕಂಪನಿಯ ಸಮಜಾಯಿಷಿ. ಅದೇ 2018ರಲ್ಲಿ ಅಮೆರಿಕದಲ್ಲಿ, ಲೈಂಗಿಕ ಸಾಗಣೆಗೆ ಆಸ್ಪದ ಕೊಟ್ಟ ತಾಣಗಳನ್ನೇ ಹೊಣೆಯಾಗಿಸುವ ಫೋಸ್ಟಾ-ಸೆಸ್ಟಾ ಕಾನೂನು ಬಂತು. ಡಿಸೆಂಬರ್‌ನಲ್ಲಿ ಬ್ಲಾಗ್ ತಾಣ ಟಂಬ್ಲರ್ ಕೂಡ ವಯಸ್ಕರ ಚಿತ್ರಗಳನ್ನು ನಿಷೇಧಿಸಿತು.

ನೆಲೆ ತಪ್ಪಿದವರಲ್ಲಿ ಬಹಳ ಮಂದಿ ಸೇರಿದ್ದು ಅದೇ ಚಂದಾ ಮಾದರಿಯ ಓನ್ಲಿಫ್ಯಾನ್ಸ್ ತಾಣವನ್ನು. 2016ರಲ್ಲಿ ಬ್ರಿಟನ್ನಿನ ಟಿಮ್ ಸ್ಟೋಕ್ಲಿ ಆರಂಭಿಸಿದ ಅದರ ಬಹುಪಾಲನ್ನು 2018ರಲ್ಲಿ ಲಿಯೊನಿಡ್ ರಾಡ್ವಿನ್‌ಸ್ಕಿ ಕೊಂಡರು. ಲೆಕ್ಕ ಸರಳ: ಚಂದಾದಾರ 10 ಡಾಲರ್ ಕಟ್ಟಿದರೆ 2 ಡಾಲರ್ ಕಂಪನಿಗೆ, 8 ಚಿತ್ರ ಹಾಕುವ ಖಾತೆದಾರರಿಗೆ. ಆ 8ರಲ್ಲೇ ತೆರಿಗೆ, ಲೈಟು, ಕ್ಯಾಮೆರಾ, ಪ್ರಚಾರ ಎಲ್ಲವೂ. ತಿಂಗಳ ಚಂದಾ ಬರೀ ಪ್ರವೇಶದ ಟಿಕೆಟ್ಟು. ಪಳಗಿದವರ ನಿಜವಾದ ಗಳಿಕೆ ಇನ್‌ಬಾಕ್ಸಿನಲ್ಲಿ, ಬೀಗ ಹಾಕಿ ಕಳಿಸಿದ ಒಂದೊಂದು ಸಂದೇಶಕ್ಕೂ ಬೇರೆ ದರ ಕಟ್ಟುವುದರಲ್ಲಿದೆ. ಹಾಗಾಗಿ ದಿನದ ಹೆಚ್ಚು ಹೊತ್ತು ಹೋಗುವುದು ಚಿತ್ರೀಕರಣಕ್ಕಲ್ಲ, ಚಾಟಿಂಗಿಗೆ. ಖಾತೆ ದೊಡ್ಡದಾದರೆ ಏಜೆನ್ಸಿ ಬರುತ್ತದೆ, ಅದು ‘ಚಾಟರ್’ಗಳನ್ನು ಕೂರಿಸುತ್ತದೆ. ಪ್ರೇಯಸಿಯೊಂದಿಗೆ ಮಾತಾಡುತ್ತಿದ್ದೇನೆಂದು ಚಂದಾದಾರ ನಂಬಿರುತ್ತಾನೆ. ಅತ್ತ ಟೈಪ್ ಮಾಡುತ್ತಿರುವುದು ಫಿಲಿಪ್ಪೀನ್ಸಿನ ಯಾವುದೋ ಕೋಣೆಯಲ್ಲಿ ಪಾಳಿ ಕೆಲಸಕ್ಕೆ ಕೂತ ಹುಡುಗನಿರಬಹುದು. ಒಡನಾಟವನ್ನೇ ಮಾರುವ ಈ ವ್ಯಾಪಾರದಲ್ಲಿ ಇದನ್ನು ಮೋಸ ಎನ್ನದೆ ವಿಧಿಯಿಲ್ಲ. ಗಿರಾಕಿಯೇನೂ ಸಾಚಾ ಅಲ್ಲ: ನೋಡಿ ಮುಗಿಸಿ, ‘ಈ ಪಾವತಿ ನನ್ನದಲ್ಲ’ ಎಂದು ಬ್ಯಾಂಕಿಗೆ ದೂರಿತ್ತು ಹಣ ಹಿಂಪಡೆಯುವವರೂ ಇದ್ದಾರೆ. ಆ ಚಾರ್ಜ್‌ಬ್ಯಾಕ್‌ನ ನಷ್ಟ ಖಾತೆದಾರರ ತಲೆಗೆ.

ಕೊರೊನಾ ಕಾಲದಲ್ಲಿ ಕೆಲಸ ಕಳೆದುಕೊಂಡವರು ಗುಂಪುಗುಂಪಾಗಿ ಬಂದರು. 2020ರ ಆಗಸ್ಟ್‌ನಲ್ಲಿ ಹಾಲಿವುಡ್ ನಟಿ ಬೆಲ್ಲಾ ಥಾರ್ನ್ ಒಂದೇ ದಿನದಲ್ಲಿ 10 ಲಕ್ಷ ಡಾಲರ್ ಗಳಿಸಿದ್ದು ಸುದ್ದಿಯಾಯಿತು. ಅದರ ಬೆನ್ನಿಗೇ ಟಿಪ್ಸ್‌ಗೆ 100 ಡಾಲರ್, ಸಂದೇಶದ ದರಕ್ಕೆ 50 ಡಾಲರ್ ಮಿತಿ ಬಿತ್ತು. ಯಾರೊಬ್ಬರಿಂದಲೂ ಆದ ಬದಲಾವಣೆಯಲ್ಲ ಎಂದಿತು ಕಂಪನಿ, ನಂಬಿದವರು ಕಡಿಮೆ.

2021ರ ಆಗಸ್ಟ್ 19ರಂದು ನಡೆದದ್ದು ಇನ್ನೂ ವಿಚಿತ್ರ. ತನ್ನನ್ನು ಬೆಳೆಸಿದ ಸರಕನ್ನೇ ಅಕ್ಟೋಬರ್‌ನಿಂದ ನಿಷೇಧಿಸುವುದಾಗಿ ಓನ್ಲಿಫ್ಯಾನ್ಸ್ ಸಾರಿತು. ಬ್ಯಾಂಕುಗಳು ಕಂಪನಿಯ ವರ್ಗಾವಣೆಗಳನ್ನು ತಡೆಯುತ್ತಿವೆ ಎಂದು ಸ್ಟೋಕ್ಲಿ ಅವುಗಳ ಹೆಸರು ಹೇಳಿಯೇ ದೂರಿದರು. ಆರು ದಿನಕ್ಕೆ ಕಂಪನಿ ನಿರ್ಧಾರ ಹಿಂತೆಗೆದುಕೊಂಡಿತು. ಆ ವಾರ ಬಾಡಿಗೆ ಕಟ್ಟುವುದು ಹೇಗೆಂದು ಚಿಂತಿಸುತ್ತ ಕೂತ ಖಾತೆದಾರರಿಗೆ ತಾವು ‘ಸ್ವತಂತ್ರರು’ ಎಂಬ ಮಾತಿನ ಬೆಲೆ ಗೊತ್ತಾಗಿರಬೇಕು. ಅದೇ ಅಕ್ಟೋಬರ್‌ನಲ್ಲಿ ಜಾರಿಯಾದ ಮಾಸ್ಟರ್‌ಕಾರ್ಡ್ ನಿಯಮಗಳು, ಚಿತ್ರದಲ್ಲಿರುವ ಪ್ರತಿಯೊಬ್ಬರ ವಯಸ್ಸು, ಗುರುತು ಮತ್ತು ಒಪ್ಪಿಗೆಯ ದಾಖಲೆ ಕೇಳಿದವು. ಅಪ್ರಾಪ್ತರ, ಒಪ್ಪಿಗೆಯಿಲ್ಲದವರ ಚಿತ್ರಗಳು ಹರಿದಾಡಿದ್ದನ್ನು ನೆನೆದರೆ ಇದು ಬೇಕಾಗಿದ್ದೇ. ಆದರೆ ಅದನ್ನು ಬರೆದದ್ದು ಯಾವ ಸಂಸತ್ತೂ ಅಲ್ಲ, ಒಂದು ಕಾರ್ಡ್ ಕಂಪನಿ.

2024ರ ಆರ್ಥಿಕ ವರ್ಷದಲ್ಲಿ ಅಭಿಮಾನಿಗಳು ಓನ್ಲಿಫ್ಯಾನ್ಸ್‌ನಲ್ಲಿ ಸುರಿದದ್ದು ಸುಮಾರು 720 ಕೋಟಿ ಡಾಲರ್. ಖಾತೆದಾರರು 46 ಲಕ್ಷ. ಕಂಪನಿಯ ಪಾಲು ಕಳೆದು ಹಂಚಿದರೆ ತಲೆಗೆ ತಿಂಗಳಿಗೆ ನೂರು ಡಾಲರ್ ಚಿಲ್ಲರೆ. ಅದರಲ್ಲೂ ಕೆನೆಯೆಲ್ಲ ಮೇಲಿನ ಕೆಲವರಿಗೆ ಹೋಗುವುದರಿಂದ ಉಳಿದವರಿಗೆ ಅಷ್ಟೂ ದಕ್ಕದು. ಈಗ ಸರ್ಕಾರಗಳೂ ನಡುವೆ ಬಂದಿವೆ. ಇಂಥ ತಾಣಗಳು 2025ರ ಜುಲೈಯಿಂದ ನೋಡುಗರ ವಯಸ್ಸು ಪರೀಕ್ಷಿಸಲೇಬೇಕೆಂದು ಬ್ರಿಟನ್ ಹೇಳಿದೆ. ಸ್ವೀಡನ್ ಅದೇ ತಿಂಗಳಿಂದ, ಹಣ ಕೊಟ್ಟು ಹೇಳಿದಂತೆ ಲೈಂಗಿಕ ಕ್ರಿಯೆ ಮಾಡಿಸಿ ನೋಡುವುದನ್ನು ಅಪರಾಧವಾಗಿಸಿದೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಈ ಡಾಲರ್ ಲೆಕ್ಕ ಓದುವವರು ಒಂದನ್ನು ತಿಳಿದಿರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನ ಪ್ರಕಾರ ಲೈಂಗಿಕ ಕ್ರಿಯೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದು ಭಾರತದಲ್ಲಿ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.